ಬೆನ್ನಟ್ಟುವ ಲೆಕ್ಕದ ಉತ್ತರ ತಪ್ಪಿದಾಗ ಎಲ್ಲಿ ಹುಡುಕಬೇಕು

ಒಂದು ಗಾಡಿ ಒಂದೇ ವೇಗದಲ್ಲಿ ಹೋಗ್ತಾ ಇದೆ. ಇನ್ನೊಂದು ನಿಂತ ಜಾಗದಿಂದ ಹೊರಟು, ವೇಗ ಏರಿಸಿಕೊಳ್ಳುತ್ತಾ ಅದರ ಬೆನ್ನು ಹತ್ತುತ್ತದೆ. ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಎಷ್ಟು ದೂರದಲ್ಲಿ? ಮೊದಲ ಪಿಯುಸಿ ಭೌತಶಾಸ್ತ್ರ ಓದಿದವರಿಗೆಲ್ಲ ಈ ಲೆಕ್ಕ ಗೊತ್ತು. ಸಿಇಟಿಗೆ ತಯಾರಾಗುವವರನ್ನಂತೂ ಇದು ಬಿಡುವುದಿಲ್ಲ. ಬೇಕಾಗುವ ಸೂತ್ರ ಎರಡೋ ಮೂರೋ ಅಷ್ಟೇ, ಅವೂ ಬಾಯಿಪಾಠ ಆಗಿರುತ್ತವೆ. ಆದರೂ ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೂ ನಮ್ಮ ಉತ್ತರಕ್ಕೂ ತಾಳೆ ಆಗುವುದಿಲ್ಲ.

ಆಗ ಎಲ್ಲರೂ ಮಾಡೋದು ಒಂದೇ. ಹಾಳೆ ಮಗುಚಿ ಮೊದಲಿಂದ ಮತ್ತೆ ಬಿಡಿಸುತ್ತಾರೆ, ಅದೇ ತಪ್ಪನ್ನು ಇನ್ನಷ್ಟು ನೀಟಾಗಿ ಮಾಡುತ್ತಾರೆ. ಅದರ ಬದಲು ಬಂದಿರುವ ತಪ್ಪು ಉತ್ತರವನ್ನೇ ಒಂದು ನಿಮಿಷ ನೋಡಿ. ಇಂಜಿನ್ನಿನ ಸದ್ದು ಕೇಳಿಯೇ ಮೆಕ್ಯಾನಿಕ್ ಯಾವ ಭಾಗ ಕೆಟ್ಟಿದೆ ಅಂತ ಹೇಳುವ ಹಾಗೆ, ಈ ಲೆಕ್ಕದಲ್ಲಿ ತಪ್ಪು ಸಂಖ್ಯೆಯೇ ಎಲ್ಲಿ ಎಡವಿದ್ದೀರಿ ಅಂತ ಹೇಳಿಬಿಡುತ್ತದೆ.

ಅದನ್ನು ತೋರಿಸಲು ಒಂದು ಮಾದರಿ ಲೆಕ್ಕ ಇಟ್ಟುಕೊಳ್ಳೋಣ. ಮುಂದಿನ ಲಕ್ಷಣಗಳಲ್ಲಿ ಜಾಸ್ತಿ ಪಾಲು ಇದರ ಮೇಲೆಯೇ ನಿಂತಿವೆ.

ಹೆದ್ದಾರಿ ಬದಿಯಲ್ಲಿ ಪೊಲೀಸ್ ಜೀಪ್ ನಿಂತಿದೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಒಂದು ಕಾರು ಅದನ್ನು ದಾಟಿ ಹೋಗುತ್ತದೆ, ವೇಗ ಬದಲಿಸುವುದಿಲ್ಲ. ದಾಟಿದ ಕ್ಷಣವೇ ಜೀಪ್ 2.5 ಮೀ/ಸೆ² ವೇಗೋತ್ಕರ್ಷದಲ್ಲಿ, ಅಂದರೆ ಪ್ರತಿ ಸೆಕೆಂಡಿಗೂ ವೇಗವನ್ನು 2.5 ಮೀ/ಸೆ ಏರಿಸಿಕೊಳ್ಳುತ್ತಾ ಹೊರಡುತ್ತದೆ. ಕಾರಿನ ವೇಗ ಸೆಕೆಂಡಿಗೆ 20 ಮೀಟರ್. ಕಾಲಕ್ಕೆ 'ಟಿ' ಅನ್ನೋಣ. ಎರಡು ಸಾಲು ಬರೆದರೆ ಸಾಕು:

ಕಾರು ಇರುವ ಜಾಗ = 20 × ಟಿ
ಜೀಪ್ ಇರುವ ಜಾಗ = ½ × 2.5 × ಟಿ² = 1.25 × ಟಿ²

ಎರಡೂ ಸಮ ಆದಾಗ ಹಿಡಿದ ಹಾಗೆ. ಟಿ = 16 ಸೆಕೆಂಡ್, ದೂರ 320 ಮೀಟರ್. ಇದು ಸರಿ ಉತ್ತರ. ಇನ್ನು ತಪ್ಪುಗಳಿಗೆ ಬರೋಣ. ಸುಲಭದ್ದು ಮೊದಲು.

ಲಕ್ಷಣ: ಉತ್ತರ ವಿಪರೀತ ದೊಡ್ಡದು

57.6 ಸೆಕೆಂಡ್ ಬಂದಿದೆಯಾ? 72 ಅನ್ನು ಹಾಗೇ ಹಾಕಿಬಿಟ್ಟಿದ್ದೀರಿ. ಕಿ.ಮೀ.ಗಳನ್ನು ಮೀಟರಿಗೆ, ಗಂಟೆಯನ್ನು ಸೆಕೆಂಡಿಗೆ ಇಳಿಸಿಲ್ಲ. ಈ ತಪ್ಪಿನ ಗುರುತು 3.6 ಅನ್ನುವ ಸಂಖ್ಯೆ. ನಿಮ್ಮ ಕಾಲವನ್ನು ಸರಿ ಉತ್ತರದಿಂದ ಭಾಗಿಸಿ: 57.6 ÷ 16 = 3.6. ದೂರದಲ್ಲಿ ಇದು ಇನ್ನೂ ಜೋರಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ವೇಗದ ವರ್ಗ ಬರುತ್ತದೆ. 3.6 ರ ವರ್ಗ 12.96, ಅಂದರೆ 320 ಮೀಟರ್ ಬರಬೇಕಾದಲ್ಲಿ 4147 ಮೀಟರ್ ಬಂದು ಕೂರುತ್ತದೆ. ದೂರ ಸುಮಾರು 13 ಪಟ್ಟು ಆಗಿದ್ದರೆ ಬೇರೆಲ್ಲೂ ಹುಡುಕಬೇಡಿ.

ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಇದೊಂದು ನೆನಪಿದ್ದರೆ 36, 54, 72, 90, 108 ಎಲ್ಲವೂ 10, 15, 20, 25, 30 ಅಂತ ತಾವಾಗಿಯೇ ಬರುತ್ತವೆ. ಲೆಕ್ಕ ಕೊಡುವವರು ಹೆಚ್ಚಾಗಿ ಈ ಸಂಖ್ಯೆಗಳನ್ನೇ ಕೊಡುತ್ತಾರೆ. 72 ಅಂತ ಕಂಡ ಕೂಡಲೇ 20 ಅಂತ ಬರೆದುಕೊಳ್ಳಿ, ಆಮೇಲೆ ಉಳಿದದ್ದು.

ಉತ್ತರಪುಟ ಕೈಯಲ್ಲಿ ಇಲ್ಲದಾಗ? ಮೈದಾನದ ಅಳತೆಯಿಂದ ನೋಡಿ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ್ದ, ಸರಾಸರಿ ಸೆಕೆಂಡಿಗೆ 10.4 ಮೀಟರ್. ನಿಮ್ಮ ಲೆಕ್ಕದ ವಿದ್ಯಾರ್ಥಿ ಬಸ್ಸಿನ ಹಿಂದೆ ಸೆಕೆಂಡಿಗೆ 25 ಮೀಟರ್ ಓಡುತ್ತಿದ್ದರೆ ಎಲ್ಲೋ ಕೆಟ್ಟಿದೆ ಅಂತಲೇ ಅರ್ಥ.

ಲಕ್ಷಣ: ಸರಿ ಉತ್ತರದ ಸರಿಯಾಗಿ ಅರ್ಧ ಬಂದಿದೆ

ಇದು ಎಲ್ಲಕ್ಕಿಂತ ಹೆಚ್ಚು ಸಿಗುವ ದೋಷ. ಉತ್ತರ 8 ಸೆಕೆಂಡ್. ಇದಕ್ಕೆ ಕಾರಣ ಎರಡು ಇರಬಹುದು, ಎರಡೂ ಒಂದೇ ಸಂಖ್ಯೆ ಕೊಡುವುದರಿಂದ ಗೊಂದಲ.

ಒಂದು, ಸೂತ್ರದಲ್ಲಿ ½ ಬಿಟ್ಟುಹೋಗಿದೆ. ಇನ್ನೊಂದು, ಜಾಗಗಳ ಬದಲು ವೇಗಗಳನ್ನು ಸಮ ಮಾಡಿದ್ದೀರಿ, ಅಂದರೆ 20 = 2.5 × ಟಿ ಅಂತ ಬರೆದಿದ್ದೀರಿ.

ಯಾವುದು ಅಂತ ಪತ್ತೆ ಹಚ್ಚುವುದು ಸುಲಭ. 8 ಸೆಕೆಂಡನ್ನು ನೀವು ಬರೆದ ಜೀಪಿನ ಸಾಲಿಗೆ ಹಾಕಿ. 160 ಮೀಟರ್ ಬಂದರೆ ½ ಕಾಣೆಯಾಗಿದೆ. 80 ಬಂದರೆ ಸಾಲು ಸರಿಯಾಗಿಯೇ ಇದೆ, ಸಮ ಮಾಡಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಸಮ ಮಾಡಿದ್ದೀರಿ. ಜೀಪಿನ ಸಾಲನ್ನು ಬರೆದೇ ಇಲ್ಲ ಅಂದರೆ ಎರಡನೆಯ ಕಾರಣವೇ, ಅನುಮಾನ ಬೇಡ.

ಮೊದಲನೆಯದು ಕೈತಪ್ಪು, ಬೇಗ ಹೋಗುತ್ತದೆ. ಎರಡನೆಯದು ತಲೆಯಲ್ಲಿ ಬೇರು ಬಿಟ್ಟಿರುವ ತಪ್ಪು, ಅದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. 'ಹಿಡಿಯುವುದು' ಅಂದಾಗ ನಮಗೆ 'ಸರಿಸಮ ಆಗುವುದು' ಅಂತ ಅನಿಸುತ್ತದೆ. ಏನು ಸರಿಸಮ ಆಗಬೇಕು ಅನ್ನುವುದು ಮರೆತುಹೋಗುತ್ತದೆ. ನಾಲ್ಕು ನಾಲ್ಕು ಸೆಕೆಂಡಿಗೆ ಒಮ್ಮೆ ನಿಲ್ಲಿಸಿ ನೋಡೋಣ:

4 ಸೆಕೆಂಡ್: ಕಾರು 80 ಮೀಟರ್, ಜೀಪ್ 20. ಅಂತರ 60.
8 ಸೆಕೆಂಡ್: ಕಾರು 160, ಜೀಪ್ 80. ಅಂತರ 80.
12 ಸೆಕೆಂಡ್: ಕಾರು 240, ಜೀಪ್ 180. ಅಂತರ 60.
16 ಸೆಕೆಂಡ್: ಕಾರು 320, ಜೀಪ್ 320. ಅಂತರ ಸೊನ್ನೆ.

ಅಂತರದ ಸಾಲನ್ನಷ್ಟೇ ಓದಿ: 0, 60, 80, 60, 0. ವೇಗ ಸಮ ಆದ 8ನೇ ಸೆಕೆಂಡಿನಲ್ಲಿ ಜೀಪ್ ಕಾರನ್ನು ಹಿಡಿಯುವುದಿರಲಿ, ಅತಿ ದೂರದಲ್ಲಿದೆ! ಅಲ್ಲಿಯವರೆಗೆ ಕಾರು ಜೀಪಿಗಿಂತ ಜೋರು, ಹಾಗಾಗಿ ಅಂತರ ಬೆಳೆಯುತ್ತಲೇ ಇತ್ತು. ಅಲ್ಲಿಂದ ಮುಂದೆ ಜೀಪ್ ಜೋರು, ಅಂತರ ಕರಗುತ್ತದೆ. ಬೆಳೆಯಲು ಎಷ್ಟು ಹೊತ್ತು ಹಿಡಿಯಿತೋ ಕರಗಲೂ ಅಷ್ಟೇ ಹೊತ್ತು. ಅದಕ್ಕೇ ನಿಮ್ಮ ಉತ್ತರ ಅರ್ಧ.

'ಇಬ್ಬರ ನಡುವಿನ ಗರಿಷ್ಠ ಅಂತರ ಎಷ್ಟು' ಅಂತ ಕೇಳಿದಾಗ ಮಾತ್ರ ವೇಗಗಳನ್ನು ಸಮ ಮಾಡಬೇಕು. ಅಲ್ಲಿ 8 ಸೆಕೆಂಡೂ ಸರಿ, 80 ಮೀಟರೂ ಸರಿ. ಎಷ್ಟೋ ಸಲ ಹುಡುಗರು ಕೇಳದ ಪ್ರಶ್ನೆಗೆ ಸರಿ ಉತ್ತರ ಬರೆದಿರುತ್ತಾರೆ.

ಲಕ್ಷಣ: ಟಿ = 0 ಬಂತು

ಗಾಬರಿ ಬೇಡ. 1.25 × ಟಿ² = 20 × ಟಿ ಅನ್ನುವುದಕ್ಕೆ ಉತ್ತರ ಎರಡು: 0 ಮತ್ತು 16. ಸೊನ್ನೆ ಅಂದರೆ ಕಾರು ಜೀಪನ್ನು ದಾಟಿದ ಕ್ಷಣ. ಆಗಲೂ ಇಬ್ಬರೂ ಒಂದೇ ಜಾಗದಲ್ಲಿ ಇದ್ದರಲ್ವಾ? ಸಮೀಕರಣ ಅದನ್ನೂ ಪ್ರಾಮಾಣಿಕವಾಗಿ ಹೇಳುತ್ತಿದೆ. ಅದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.

ಆದರೆ ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದು ಶುರುವಾಗುವ ಲೆಕ್ಕದಲ್ಲಿ ಸೊನ್ನೆ ಬಂದರೆ ಅದು ದೋಷವೇ. ಆರಂಭದ ಅಂತರವನ್ನು ಸಮೀಕರಣಕ್ಕೆ ಸೇರಿಸಿಲ್ಲ ಅಂತ ಅರ್ಥ.

ಲಕ್ಷಣ: ಹಿಡಿಯುವಾಗ ಜೀಪಿನ ವೇಗ 144 ಕಿ.ಮೀ. ಬಂದಿದೆ, ನಂಬೋಕೆ ಆಗ್ತಿಲ್ಲ

16 ಸೆಕೆಂಡಿಗೆ ಜೀಪಿನ ವೇಗ 2.5 × 16 = 40 ಮೀ/ಸೆ. ಕಾರಿನ ವೇಗದ ಸರಿಯಾಗಿ ಎರಡು ಪಟ್ಟು. ಇದನ್ನು ನೋಡಿ ಲೆಕ್ಕ ಹೊಡೆದುಹಾಕಿ ಮತ್ತೆ ಶುರು ಮಾಡುವವರು ಇದ್ದಾರೆ. ಹಾಗೆ ಮಾಡಬೇಡಿ, ಅದು ಸರಿ ಇದೆ. ಅಷ್ಟೇ ಅಲ್ಲ, ಉತ್ತರ ಸರಿ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಯಾಕೆ ಅಂದರೆ, ಇಬ್ಬರೂ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಹೊರಟು ಒಂದೇ ಜಾಗವನ್ನು ಒಂದೇ ಹೊತ್ತಿಗೆ ತಲುಪಿದ್ದಾರೆ. ಹಾಗಾದರೆ ಇಬ್ಬರ ಸರಾಸರಿ ವೇಗ ಒಂದೇ ಇರಲೇಬೇಕು. ಕಾರಿನದ್ದು 20. ಜೀಪಿನದ್ದು ಸೊನ್ನೆಯಿಂದ ಶುರುವಾಗಿ ಒಂದೇ ಸಮನೆ ಏರಿದೆ, ಅದರ ಸರಾಸರಿ 20 ಆಗಬೇಕಾದರೆ ಕೊನೆಯ ವೇಗ 40 ಆಗದೆ ಬೇರೆ ದಾರಿಯಿಲ್ಲ. ವೇಗೋತ್ಕರ್ಷ 2.5 ಇರಲಿ, 1 ಇರಲಿ, 4 ಇರಲಿ, ಈ ಎರಡು ಪಟ್ಟು ಬದಲಾಗುವುದಿಲ್ಲ. ವೇಗ ಮತ್ತು ಕಾಲದ ಗ್ರಾಫ್ ಬರೆದರೆ ಇದು ಕಣ್ಣಿಗೇ ಕಾಣುತ್ತದೆ: ಕಾರಿನದ್ದು ಆಯತ, ಜೀಪಿನದ್ದು ತ್ರಿಕೋನ, ತಳ ಒಂದೇ, ವಿಸ್ತೀರ್ಣ ಒಂದೇ. ತ್ರಿಕೋನದ ಎತ್ತರ ಆಯತದ ಎರಡರಷ್ಟು ಇರಲೇಬೇಕು.

ಜೀಪ್ ನಿಂತಿರದೆ ಮೊದಲೇ ನಿಧಾನಕ್ಕೆ ಓಡುತ್ತಿದ್ದರೆ? ಆಗಲೂ ಇದೇ ಮಾತು. ಮೊದಲ ವೇಗ ಮತ್ತು ಕೊನೆಯ ವೇಗದ ಸರಾಸರಿ ಕಾರಿನ ವೇಗಕ್ಕೆ ಸಮ. ಜೀಪ್ ಸೆಕೆಂಡಿಗೆ 5 ಮೀಟರಿನಲ್ಲಿ ಸಾಗುತ್ತಿದ್ದರೆ ಹಿಡಿಯುವಾಗ 35 ರಲ್ಲಿರುತ್ತದೆ, ಕಾಲ 30 ÷ 2.5 = 12 ಸೆಕೆಂಡ್.

ಇದು ನಮ್ಮ ನಾಡಿಗೆ ಹೊಸದೇನಲ್ಲ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಇದೇ ಲೆಕ್ಕ ಕೊಟ್ಟಿದ್ದಾರೆ. ಒಬ್ಬ ದಿನಾ ಒಂದೇ ದೂರ ನಡೆಯುತ್ತಾನೆ, ಇನ್ನೊಬ್ಬ ದಿನದಿಂದ ದಿನಕ್ಕೆ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳುತ್ತಾ ನಡೆಯುತ್ತಾನೆ, ಯಾವತ್ತು ಸೇರುತ್ತಾರೆ? ಅವರ ನಿಯಮ ಇಷ್ಟೇ: ಬದಲಾಗದ ನಡಿಗೆಯಿಂದ ಇನ್ನೊಬ್ಬನ ಮೊದಲ ದಿನದ ನಡಿಗೆ ಕಳೆಯಿರಿ, ದಿನದ ಹೆಚ್ಚಳದ ಅರ್ಧದಿಂದ ಭಾಗಿಸಿ, ಒಂದು ಕೂಡಿಸಿ. ಒಬ್ಬ ದಿನಕ್ಕೆ 10 ಹರಿದಾರಿ, ಇನ್ನೊಬ್ಬ ಮೊದಲ ದಿನ 2, ಆಮೇಲೆ ದಿನಾ 2 ಜಾಸ್ತಿ ಅಂತಿಟ್ಟುಕೊಂಡರೆ 8 ÷ 1 + 1, ಒಂಬತ್ತನೇ ದಿನ. ಪರೀಕ್ಷಿಸಿ: ಒಬ್ಬನದು 90, ಇನ್ನೊಬ್ಬನದು 2 + 4 + 6 ಹೀಗೆ 18ರವರೆಗೆ, ಅದೂ 90. ಮೊದಲ ದಿನದ 2 ಮತ್ತು ಕೊನೆಯ ದಿನದ 18, ಸರಾಸರಿ 10. ಜೀಪಿನ ಕಥೆಯೇ, ಸೆಕೆಂಡಿನ ಬದಲು ದಿನ.

ಒಂದು ಎಚ್ಚರಿಕೆ. ಈ ಎರಡು ಪಟ್ಟಿನ ಪರೀಕ್ಷೆ ಒಂದೇ ಜಾಗ, ಒಂದೇ ಹೊತ್ತಿನಿಂದ ಶುರುವಾದ ಲೆಕ್ಕಕ್ಕೆ ಮಾತ್ರ. ಜೀಪ್ ತಡವಾಗಿ ಹೊರಟರೆ, ಹಿಂದೆ ಎಲ್ಲೋ ನಿಂತಿದ್ದರೆ ಅನ್ವಯಿಸುವುದಿಲ್ಲ. ಕೋಚಿಂಗ್ ನೋಟ್ಸಿನಲ್ಲಿ 'ಕಾಲ = 2 × ವೇಗ ÷ ವೇಗೋತ್ಕರ್ಷ' ಅಂತ ಡಬ್ಬಿಯೊಳಗೆ ಬರೆದುಕೊಟ್ಟಿರುತ್ತಾರೆ, ಯಾವಾಗ ಬಳಸಬಾರದು ಅಂತ ಹೇಳಿರುವುದಿಲ್ಲ. ಮುಂದಿನ ದೋಷ ಹುಟ್ಟುವುದೇ ಅಲ್ಲಿಂದ.

ಲಕ್ಷಣ: ಜೀಪ್ ತಡವಾಗಿ ಹೊರಟಿದೆ, ಆದರೂ ಬೇಗ ಹಿಡಿದಿದೆ

ಜೀಪ್ 2 ಸೆಕೆಂಡ್ ತಡವಾಗಿ ಹೊರಟಿತು ಅನ್ನೋಣ. ಕಾಲವನ್ನು ಕಾರು ದಾಟಿದ ಕ್ಷಣದಿಂದ ಎಣಿಸುತ್ತೇವೆ. ಉತ್ತರ 11.66 ಸೆಕೆಂಡ್ ಬಂದಿದೆಯಾ? ತಡವಾಗಿ ಹೊರಟವನು 16ಕ್ಕಿಂತ ಮೊದಲೇ ಹಿಡಿಯೋದು ಹೇಗೆ? ಎಲ್ಲಿ ಕೆಟ್ಟಿದೆ ಅಂದರೆ, ಜೀಪಿನ ಕಾಲ ಟಿ − 2 ಆಗಬೇಕಿತ್ತು, ನೀವು ಟಿ + 2 ಬರೆದಿದ್ದೀರಿ. ತಡ ಮಾಡಿದವನ ಗಡಿಯಾರ ಕಡಿಮೆ ತೋರಿಸುತ್ತದೆ, ಜಾಸ್ತಿ ಅಲ್ಲ.

18 ಬಂದಿದೆಯಾ? 16ಕ್ಕೆ ಸುಮ್ನೆ 2 ಕೂಡಿಸಿದ್ದೀರಿ. ಕೇಳೋಕೆ ಸರಿ ಅನಿಸುತ್ತದೆ, ಆದರೆ ಆ 2 ಸೆಕೆಂಡಿನಲ್ಲಿ ಕಾರು 40 ಮೀಟರ್ ಮುಂದೆ ಹೋಗಿಬಿಟ್ಟಿದೆ. ಆ 40 ಮೀಟರನ್ನೂ ಜೀಪ್ ಮುಚ್ಚಬೇಕು, ಅದಕ್ಕೆ ಬೇರೆ ಸಮಯ ಬೇಕು.

ಸರಿಯಾದ ದಾರಿ: ಜೀಪ್ ಹೊರಟಾಗಿನಿಂದ ಎಣಿಸಿ. ಕಾರು ಇರುವ ಜಾಗ 40 + 20 × ಟಿ, ಜೀಪ್ ಇರುವ ಜಾಗ 1.25 × ಟಿ². ಸಮ ಮಾಡಿ 1.25 ರಿಂದ ಭಾಗಿಸಿದರೆ ಟಿ² − 16 × ಟಿ − 32 = 0. ಟಿ = 8 + √96, ಅಂದರೆ ಸುಮಾರು 17.8 ಸೆಕೆಂಡ್. ಕಾರು ದಾಟಿದಾಗಿನಿಂದ ಎಣಿಸಿದರೆ 19.8. ಎರಡು ಸೆಕೆಂಡ್ ತಡ ಮಾಡಿದ್ದಕ್ಕೆ 3.8 ಸೆಕೆಂಡ್ ದಂಡ.

ಪ್ರಶ್ನೆಯಲ್ಲಿ ಯಾವಾಗಿನಿಂದ ಎಣಿಸಿ ಅಂತ ಕೇಳಿದ್ದಾರೆ ಅನ್ನುವುದನ್ನು ಇನ್ನೊಮ್ಮೆ ಓದಿ. 17.8 ಮತ್ತು 19.8 ಎರಡೂ ಆಯ್ಕೆಗಳಲ್ಲಿ ಇರುತ್ತವೆ, ಬೇಕಂತಲೇ ಇಟ್ಟಿರುತ್ತಾರೆ.

ಇದೇ ಸಮೀಕರಣಕ್ಕೆ −1.8 ಅಂತ ಇನ್ನೊಂದು ಉತ್ತರವೂ ಬರುತ್ತದೆ. ಅದನ್ನು ಬಿಟ್ಟುಬಿಡಿ, ಆದರೆ ಋಣ ಬಂತು ಅನ್ನುವ ಒಂದೇ ಕಾರಣಕ್ಕೆ ಅಲ್ಲ. ಜೀಪ್ ಹೊರಡುವ ಮೊದಲು ನಿಂತಿತ್ತು, ಆಗ ಅದರ ಜಾಗಕ್ಕೆ 1.25 × ಟಿ² ಅನ್ನುವ ಸೂತ್ರವೇ ಹೊಂದುವುದಿಲ್ಲ. ಸೂತ್ರ ಹೊಂದದ ಹೊತ್ತಿನ ಉತ್ತರಕ್ಕೆ ಬೆಲೆಯಿಲ್ಲ. ಈ ಮಾತು ಕೆಳಗೆ ಮತ್ತೆ ಬೇಕಾಗುತ್ತದೆ.

ಲಕ್ಷಣ: ಎರಡು ಉತ್ತರ ಬಂದಿವೆ, ಎರಡೂ ಧನ

ಈಗ ಪಾತ್ರ ಅದಲುಬದಲು. ಬಸ್ ನಿಂತಲ್ಲಿಂದ 1 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಡುತ್ತದೆ. ಬಾಗಿಲಿನಿಂದ 24 ಮೀಟರ್ ಹಿಂದಿರುವ ಹುಡುಗ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿ ಬರುತ್ತಾನೆ. ಒಳ್ಳೆ ಓಟಗಾರನೇ ಅನ್ನಿ, ಗಂಟೆಗೆ 29 ಕಿ.ಮೀ. ಹತ್ತಿರ ಆಯಿತು.

8 × ಟಿ = 24 + ½ × ಟಿ². ಬಿಡಿಸಿದರೆ ಟಿ = 4 ಅಥವಾ 12.

ಲೆಕ್ಕ ಕೆಟ್ಟಿಲ್ಲ. 4ನೇ ಸೆಕೆಂಡಿಗೆ ಹುಡುಗ ಬಾಗಿಲನ್ನು ತಲುಪುತ್ತಾನೆ. ಆಗ ಬಸ್ಸಿನ ವೇಗ 4, ಹುಡುಗನದು 8. ಹತ್ತದೆ ಹಾಗೇ ಓಡುತ್ತಾ ಹೋದರೆ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾನೆ. ಬಸ್ಸು ವೇಗ ಏರಿಸುತ್ತಲೇ ಇದೆ, 8ನೇ ಸೆಕೆಂಡಿಗೆ ಇಬ್ಬರ ವೇಗವೂ ಸಮ, 12ನೇ ಸೆಕೆಂಡಿಗೆ ಬಸ್ಸಿನ ಬಾಗಿಲು ಮತ್ತೆ ಅವನ ಪಕ್ಕಕ್ಕೆ ಬರುತ್ತದೆ. ಈ ಸಲ ಬಸ್ಸು ಅವನನ್ನು ಹಿಡಿದಿದೆ. 4 ಮತ್ತು 12 ರ ಸರಿ ನಡುವೆ 8 ಇರುವುದನ್ನು ಗಮನಿಸಿ. ವೇಗ ಸಮ ಆಗುವ ಕ್ಷಣದ ಎರಡೂ ಬದಿಗೆ ಸಮದೂರದಲ್ಲಿ ಉತ್ತರಗಳು ಕೂತಿರಬೇಕು. ಕೂತಿಲ್ಲ ಅಂದರೆ ವರ್ಗ ಸಮೀಕರಣ ಬಿಡಿಸುವಾಗ ಎಡವಿದ್ದೀರಿ.

'ಯಾವಾಗ ಬಸ್ ಹತ್ತುತ್ತಾನೆ' ಅಂದರೆ ಚಿಕ್ಕದು, 4. 'ಎಷ್ಟು ಸಲ ಭೇಟಿ' ಅಂದರೆ ಎರಡೂ.

ಲಕ್ಷಣ: ವರ್ಗಮೂಲದ ಒಳಗೆ ಋಣ ಸಂಖ್ಯೆ, ಕ್ಯಾಲ್ಕುಲೇಟರ್ ಎರರ್ ಅಂತಿದೆ

ಅದೇ ಬಸ್ಸು, ಅದೇ 24 ಮೀಟರ್. ಹುಡುಗನ ವೇಗ ಸೆಕೆಂಡಿಗೆ 6 ಮೀಟರ್ ಅಷ್ಟೇ. ಟಿ² − 12 × ಟಿ + 48 = 0. ವರ್ಗಮೂಲದ ಒಳಗೆ 144 − 192, ಅಂದರೆ −48.

ಮೊದಲು ಅಗ್ಗದ ಪರೀಕ್ಷೆ: 24 ಯಾವ ಕಡೆ ಬರೆದಿದ್ದೀರಿ ನೋಡಿ. ಮುಂದೆ ಇರುವವರ ಸಾಲಿಗೆ ಅದನ್ನು ಕೂಡಿಸಬೇಕು. ಅದು ಸರಿ ಇದ್ದರೆ ದೋಷ ಏನೂ ಇಲ್ಲ. ಹುಡುಗನಿಗೆ ಬಸ್ ಸಿಗುವುದಿಲ್ಲ ಅಂತ ಸಮೀಕರಣ ಹೇಳುತ್ತಿದೆ ಅಷ್ಟೇ. ಉತ್ತರಪತ್ರಿಕೆಯಲ್ಲಿ 'ಹಿಡಿಯಲಾರ' ಅಂತ ಧೈರ್ಯವಾಗಿ ಬರೆಯಿರಿ.

ಎಷ್ಟು ಹತ್ತಿರ ಬಂದಿದ್ದ? ವೇಗ ಸಮ ಆಗುವುದು 6ನೇ ಸೆಕೆಂಡಿಗೆ. ಆಗ ಹುಡುಗ 36 ಮೀಟರಿನಲ್ಲಿ, ಬಾಗಿಲು 24 + 18 = 42 ರಲ್ಲಿ. ಆರು ಮೀಟರ್ ಹತ್ತಿರ ಬಂದು ಕೈತಪ್ಪಿತು. ಜೀಪಿನ ಲೆಕ್ಕದಲ್ಲಿ ವೇಗ ಸಮ ಆದಾಗ ಅಂತರ ಗರಿಷ್ಠ ಇತ್ತು, ಇಲ್ಲಿ ಕನಿಷ್ಠ. ಯಾರು ವೇಗ ಏರಿಸುತ್ತಿದ್ದಾರೆ, ಹಿಂದಿನವರೋ ಮುಂದಿನವರೋ, ಅದರ ಮೇಲೆ ನಿಂತಿದೆ.

ಕನಿಷ್ಠ ಎಷ್ಟು ವೇಗ ಬೇಕಿತ್ತು? ವರ್ಗಮೂಲದ ಒಳಗೆ ಸೊನ್ನೆ ಬರಬೇಕು. ಅದಕ್ಕೆ ವೇಗದ ವರ್ಗ 2 × 1 × 24 = 48 ಆಗಬೇಕು, ಅಂದರೆ ಸೆಕೆಂಡಿಗೆ 6.93 ಮೀಟರ್. ಆ ವೇಗದಲ್ಲಿ ಓಡಿದರೆ ಉತ್ತರ ಒಂದೇ ಬರುತ್ತದೆ, ಬಾಗಿಲಿನ ಪಕ್ಕ ಬಂದ ಕ್ಷಣ ಇಬ್ಬರ ವೇಗವೂ ಒಂದೇ.

ಸುರಕ್ಷತೆಯ ಮಾತು ಹೇಳಲೇಬೇಕು. ಇದು ಹಾಳೆಯ ಮೇಲಿನ ಲೆಕ್ಕ. 8 ಮೀಟರ್ ವೇಗದಲ್ಲಿ ಓಡುವವನು 4 ಮೀಟರ್ ವೇಗದ ಬಸ್ಸಿನ ಬಾಗಿಲಿಗೆ ಕೈ ಹಾಕಿದರೆ ಏನಾಗುತ್ತದೆ ಅಂತ ಸಮೀಕರಣ ಹೇಳುವುದಿಲ್ಲ. ಕಾಲು ಜಾರಿದರೆ ಹಿಂದಿನ ಚಕ್ರ ಅಲ್ಲೇ ಇರುತ್ತದೆ. ಹೊರಟ ಬಸ್ಸನ್ನು ಬಿಟ್ಟುಬಿಡಿ. ಹಾಗೇ ಜೀಪಿನ 144 ಕಿ.ಮೀ. ಲೆಕ್ಕವನ್ನು ಬೈಕಿನಲ್ಲಿ ಪರೀಕ್ಷಿಸಲು ಹೋಗಬೇಡಿ. ಮನೆಯಲ್ಲಿ ನೋಡಲೇಬೇಕು ಅಂದರೆ ಓರೆಯಾಗಿಟ್ಟ ಹಲಗೆಯ ಮೇಲೆ ಗೋಲಿ ಉರುಳಿಸಿ ಮೊಬೈಲಿನಲ್ಲಿ ವೀಡಿಯೊ ಮಾಡಿ, ಸಾಕು.

ಲಕ್ಷಣ: ಕಾಲ ಸರಿ ಅನಿಸುತ್ತದೆ, ಆದರೆ ಪ್ರಶ್ನೆಯಲ್ಲಿ ಕೊಟ್ಟ ಒಂದು ಸಂಖ್ಯೆ ಬಳಕೆಯೇ ಆಗಿಲ್ಲ

'ಜೀಪಿನ ಗರಿಷ್ಠ ವೇಗ ಗಂಟೆಗೆ 108 ಕಿ.ಮೀ.' ಅಂತ ಒಂದು ಸಾಲು ಇತ್ತು, ನಿಮ್ಮ ಉತ್ತರ ಆಗಲೂ 16 ಸೆಕೆಂಡ್. 16ರಲ್ಲಿ ಜೀಪ್ 40 ಮೀ/ಸೆ ಮುಟ್ಟಬೇಕು, ಅದರ ಮಿತಿ 30. ಅಂದಮೇಲೆ ದಾರಿಯಲ್ಲಿ ಎಲ್ಲೋ ಅದು ವೇಗ ಏರಿಸುವುದನ್ನು ನಿಲ್ಲಿಸಿದೆ. ಒಂದೇ ಸೂತ್ರ ಕೊನೆಯವರೆಗೆ ಎಳೆಯಲು ಬರುವುದಿಲ್ಲ, ಲೆಕ್ಕವನ್ನು ಎರಡು ತುಂಡು ಮಾಡಿ.

30 ಮುಟ್ಟಲು 12 ಸೆಕೆಂಡ್. ಅಷ್ಟರಲ್ಲಿ ಜೀಪ್ 180 ಮೀಟರ್, ಕಾರು 240. ಉಳಿದ ಅಂತರ 60 ಮೀಟರ್. ಈಗ ಇಬ್ಬರದೂ ಸ್ಥಿರ ವೇಗ, ಜೀಪ್ ಸೆಕೆಂಡಿಗೆ 10 ಮೀಟರ್ ಹತ್ತಿರ ಆಗುತ್ತಿದೆ, 6 ಸೆಕೆಂಡ್ ಸಾಕು. ಒಟ್ಟು 18 ಸೆಕೆಂಡ್, 360 ಮೀಟರ್. ಜೀಪಿನ ಮಿತಿ 72 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಂದೂ ಹಿಡಿಯುವುದಿಲ್ಲ.

ಲಕ್ಷಣ: ಬ್ರೇಕ್ ಹಾಕಿದ ಗಾಡಿ ಹಿಂದಕ್ಕೆ ಚಲಿಸಿದೆ

ಒಳ್ಳೊಳ್ಳೆಯವರು ಜಾರುವ ಜಾಗ ಇದು. ಸೆಕೆಂಡಿಗೆ 20 ಮೀಟರಿನ ಕಾರು, 8 ಮೀಟರಿನ ಸ್ಕೂಟರ್. ಕಾರು ಸ್ಕೂಟರನ್ನು ದಾಟಿದ ಕ್ಷಣವೇ 4 ಮೀ/ಸೆ² ಮಂದನದಲ್ಲಿ (ವೇಗ ಇಳಿಯುವ ಪ್ರಮಾಣ) ಬ್ರೇಕ್ ಹಾಕಿ ನಿಲ್ಲುತ್ತದೆ. ಸ್ಕೂಟರ್ ಯಾವಾಗ ಹಿಡಿಯುತ್ತದೆ?

8 × ಟಿ = 20 × ಟಿ − 2 × ಟಿ². ಉತ್ತರ 6 ಸೆಕೆಂಡ್, 48 ಮೀಟರ್. ಸಮೀಕರಣ ಸರಿ, ಬಿಡಿಸಿದ್ದೂ ಸರಿ, ಉತ್ತರ ಮಾತ್ರ ತಪ್ಪು.

ಕಾರು ನಿಲ್ಲುವುದು ಯಾವಾಗ ನೋಡಿ: 20 ÷ 4 = 5 ಸೆಕೆಂಡ್. ಎಲ್ಲಿ? 50 ಮೀಟರಿನಲ್ಲಿ. 50ರಲ್ಲಿ ನಿಂತ ಕಾರನ್ನು 48ರಲ್ಲಿ ಹಿಡಿದದ್ದು ಹೇಗೆ! 5ನೇ ಸೆಕೆಂಡಿನ ಆಚೆಗೂ ಅದೇ ಸೂತ್ರವನ್ನು ಎಳೆದದ್ದರಿಂದ, ಅದು ಕಾರನ್ನು ರಿವರ್ಸ್ ಗೇರಿಗೆ ಹಾಕಿ 2 ಮೀಟರ್ ಹಿಂದಕ್ಕೆ ತಂದಿದೆ. ನಿಜವಾದ ಕಾರು ನಿಂತಲ್ಲೇ ನಿಂತಿರುತ್ತದೆ. ಸ್ಕೂಟರ್ 50 ಮೀಟರ್ ಹೋಗಲು 50 ÷ 8 = 6.25 ಸೆಕೆಂಡ್. ಅದು ಉತ್ತರ.

ಬ್ರೇಕ್ ಅನ್ನುವ ಪದ ಕಂಡ ಕೂಡಲೇ ನಿಲ್ಲುವ ಕಾಲವನ್ನು ಮೊದಲು ಲೆಕ್ಕ ಹಾಕಿ ಬದಿಯಲ್ಲಿ ಬರೆದುಕೊಳ್ಳಿ. ನಿಮ್ಮ ಉತ್ತರ ಅದಕ್ಕಿಂತ ದೊಡ್ಡದಾದರೆ ಆ ಉತ್ತರ ನಂಬಬೇಡಿ.

ಲಕ್ಷಣ: ಬೇಕಾದ ಬ್ರೇಕ್ ತುಂಬಾ ಜಾಸ್ತಿ ಬಂದಿದೆ

ಸೆಕೆಂಡಿಗೆ 30 ಮೀಟರಿನ ಎಕ್ಸ್‌ಪ್ರೆಸ್ ರೈಲಿನ ಚಾಲಕ, ಅದೇ ಹಳಿಯ ಮೇಲೆ 200 ಮೀಟರ್ ಮುಂದೆ ಸೆಕೆಂಡಿಗೆ 10 ಮೀಟರಿನಲ್ಲಿ ಅದೇ ದಿಕ್ಕಿಗೆ ಹೋಗುತ್ತಿರುವ ಗೂಡ್ಸ್ ರೈಲನ್ನು ಕಾಣುತ್ತಾನೆ. ಡಿಕ್ಕಿ ತಪ್ಪಲು ಕನಿಷ್ಠ ಎಷ್ಟು ಮಂದನ?

2.25 ಬಂದಿದ್ದರೆ, ಎಕ್ಸ್‌ಪ್ರೆಸ್ ಪೂರ್ತಿ ನಿಲ್ಲಬೇಕು ಅಂತ ಅಂದುಕೊಂಡಿದ್ದೀರಿ. ಗೂಡ್ಸ್ ಕೂಡ ಮುಂದೆ ಹೋಗುತ್ತಿದೆ, ಮರೆತಿದ್ದೀರಿ. ಎಕ್ಸ್‌ಪ್ರೆಸ್ ತನ್ನ ವೇಗವನ್ನು 10ಕ್ಕೆ ಇಳಿಸಿದರೆ ಸಾಕು. ಗೂಡ್ಸ್ ರೈಲಿನಲ್ಲಿ ಕೂತವರ ಕಣ್ಣಿಂದ ನೋಡಿ: ಎಕ್ಸ್‌ಪ್ರೆಸ್ 20 ಮೀಟರ್ ವೇಗದಲ್ಲಿ ಹತ್ತಿರ ಬರುತ್ತಿದೆ, 200 ಮೀಟರ್ ಒಳಗೆ ಆ 20 ಸೊನ್ನೆ ಆಗಬೇಕು. ವೇಗದ ವರ್ಗವನ್ನು ದೂರದ ಎರಡು ಪಟ್ಟಿನಿಂದ ಭಾಗಿಸಿ: 20² ÷ (2 × 200) = 400 ÷ 400 = 1 ಮೀ/ಸೆ². ಅಷ್ಟೇ. ಸಾಪೇಕ್ಷ ವೇಗ ಬಳಸುವಾಗ ಮೂರನ್ನೂ, ಅಂದರೆ ವೇಗ, ದೂರ, ವೇಗೋತ್ಕರ್ಷವನ್ನು ಒಬ್ಬರ ಕಣ್ಣಿಂದಲೇ ನೋಡಬೇಕು. ವೇಗ ಮಾತ್ರ ಸಾಪೇಕ್ಷ, ದೂರ ಮಾತ್ರ ನೆಲದಿಂದ ಅಂತ ಬೆರೆಸಿದರೆ ಏನೇನೋ ಬರುತ್ತದೆ.

ಎಲ್ಲಿ ಕೈಬಿಡಬೇಕು, ಯಾವಾಗ ಕೇಳಬೇಕು

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡ್. ಅಲ್ಲಿ ಈ ಎಲ್ಲಾ ತಪಾಸಣೆಗೆ ಹೊತ್ತಿಲ್ಲ. ನಿಮ್ಮ ಟಿ ಬೆಲೆಯನ್ನು ಎರಡೂ ಸಾಲಿಗೆ ಹಾಕಿ ಜಾಗ ಒಂದೇ ಬರುತ್ತದಾ ನೋಡಿ. ಬಂದಿಲ್ಲ ಅಂದರೆ ಯೂನಿಟ್ ಒಮ್ಮೆ ನೋಡಿ. ಆಗಲೂ ಸಿಗಲಿಲ್ಲ ಅಂದರೆ ಮುಂದಿನ ಪ್ರಶ್ನೆಗೆ ಹೋಗಿ.

ಕೆಲವು ಲೆಕ್ಕಗಳಿಗೆ ಈ ಕೈಪಿಡಿ ಕೆಲಸಕ್ಕೇ ಬರುವುದಿಲ್ಲ. ವೇಗೋತ್ಕರ್ಷವೇ ಕಾಲದ ಜೊತೆ ಬದಲಾಗುತ್ತಿದೆ ಅಂತ ಕೊಟ್ಟಿದ್ದರೆ ½ × ವೇಗೋತ್ಕರ್ಷ × ಟಿ² ಬಳಸಬಾರದು, ಅನುಕಲನ (ಇಂಟಿಗ್ರೇಷನ್) ಬೇಕು. ನಾಯಿ ಪ್ರತಿ ಕ್ಷಣ ಮೊಲದ ಕಡೆಗೇ ಮುಖ ತಿರುಗಿಸಿಕೊಂಡು ಓಡುತ್ತದೆ, ಮೊಲ ಅಡ್ಡಕ್ಕೆ ಓಡುತ್ತದೆ ಅನ್ನುವಂಥದ್ದು ಬಂದರೆ ನಾಯಿಯ ದಾರಿ ನೇರ ಗೆರೆಯಲ್ಲ, ವಕ್ರರೇಖೆ. ಅಂಥ ರೇಖೆಯನ್ನು 1732ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ಬೂಗೇ ವಿವರವಾಗಿ ಬಿಡಿಸಿದ್ದ, ಪಿಯುಸಿ ಸೂತ್ರಗಳಿಂದ ಅದನ್ನು ಮುಟ್ಟಲು ಆಗುವುದಿಲ್ಲ. ಸುಮ್ನೆ ರಾತ್ರಿಯೆಲ್ಲ ಕೂತು ತಲೆ ಕೆಡಿಸಿಕೊಳ್ಳಬೇಡಿ, ಗೊತ್ತಿರುವವರನ್ನು ಕೇಳಿ.

ಇನ್ನೊಂದು ಸಂದರ್ಭ ಇದೆ. ಎರಡೂ ಸಾಲಿಗೆ ಹಾಕಿದರೆ ಜಾಗ ಕೂಡುತ್ತದೆ, ಯೂನಿಟ್ ಸರಿ, ಯಾವ ಗಾಡಿಯೂ ಹಿಂದಕ್ಕೆ ಹೋಗಿಲ್ಲ, ಗರಿಷ್ಠ ವೇಗ ಮೀರಿಲ್ಲ, ಆದರೂ ಪುಸ್ತಕದ ಉತ್ತರ ಬೇರೆ. ಆಗ ಪುಸ್ತಕ ತಪ್ಪಿರಬಹುದು. ಗೈಡುಗಳಲ್ಲಿ ಅಚ್ಚಿನ ತಪ್ಪು ಅಪರೂಪವೇನಲ್ಲ. ಸಿಇಟಿಯಲ್ಲೂ ಪರೀಕ್ಷಾ ಪ್ರಾಧಿಕಾರ ಮೊದಲು ತಾತ್ಕಾಲಿಕ ಕೀ ಉತ್ತರ ಹಾಕಿ ಆಕ್ಷೇಪಣೆ ಕರೆಯುತ್ತದೆ.

ಮೇಷ್ಟ್ರ ಹತ್ತಿರ ಹೋಗುವಾಗ 'ಸಾರ್, ಉತ್ತರ ಬರ್ತಿಲ್ಲ' ಅಂತ ಬರೀ ಪ್ರಶ್ನೆ ಹಿಡಿದುಕೊಂಡು ಹೋಗಬೇಡಿ. ಕಾಲ ಯಾವ ಕ್ಷಣದಿಂದ, ದೂರ ಯಾವ ಜಾಗದಿಂದ ಎಣಿಸಿದ್ದೀರಿ ಅನ್ನುವುದು, ಎರಡು ಸಾಲು, ಬಂದ ತಪ್ಪು ಉತ್ತರ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಒಯ್ಯಿರಿ. ತಪ್ಪು ಉತ್ತರವನ್ನು ಮಾತ್ರ ಅಳಿಸಬೇಡಿ, ಅವರು ಮೊದಲು ನೋಡೋದೇ ಅದನ್ನು.